ನನ್ನ ಅಮ್ಮನನ್ನು ಮುಳ್ಳುಹಂದಿ ಎಂದು ಕರೆದ ಸ್ಲೈಡ್ ಪೆಟ್ಟಿಗೆಯವರಿಗೆ

ಮಾನ್ಯ ಸ್ಲೈಡ್ ಪೆಟ್ಟಿಗೆಯವರೇ,

ಸವಿನಯ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ. ತಮ್ಮ ಹೊಟ್ಟೆಯ ನಡುವೆ ಆ ಪುಟ್ಟ ಚಕ್ರ ನಿಲ್ಲದೆ ಸುತ್ತುವುದನ್ನು ನೋಡಿದಾಗ ಮಾತ್ರ ಸ್ವಲ್ಪ ಗಾಬರಿಯಾಗುತ್ತದೆ.

ತಮ್ಮಂಥ ದೊಡ್ಡವರಿಗೆ ಪತ್ರ ಬರೆಯಹೊರಟ ಅಧಿಕಪ್ರಸಂಗಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿನಿ. ತಾವು ನನ್ನ ಸ್ವಂತ ವೆಬ್‌ಸೈಟಿನ ನಟ್ಟನಡುವೆ, ನನ್ನ ಹೆಸರಿನ ಕೆಳಗೆ, ನನ್ನ ಫೋಟೊಗಿಂತ ದೊಡ್ಡದಾಗಿ, ಸ್ಲೈಡ್ ತೋರಿಸಲೆಂದು ಆಸೀನರಾಗಿರುವ ಆಯತಾಕಾರದ ಮಹನೀಯರು. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಬೆಳೆದವಳಾದ್ದರಿಂದ ನನ್ನ ಕನ್ನಡ ಅರ್ಧ, ಇಂಗ್ಲಿಷ್ ಅರ್ಧ. ಎರಡನ್ನೂ ಕೂಡಿಸಿದರೆ ಒಂದಾಗಬೇಕು, ಯಾಕೋ ಮುಕ್ಕಾಲಿಗೇ ನಿಂತುಬಿಡುತ್ತದೆ. ಕನ್ನಡದಲ್ಲಿ ನನಗೆ ಬರೆಯಲು ಬರುವ ಪತ್ರವೂ ಒಂದೇ, ವಾರ್ಡನ್ ಅವರಿಗೆ ಕೊಡುವ ರಜೆ ಅರ್ಜಿ. ಆದ್ದರಿಂದ ಮುಂದೆ ಎಲ್ಲಾದರೂ ಹೊಟ್ಟೆನೋವಿನ ಪ್ರಸ್ತಾಪ ಬಂದರೆ ಅದು ಕೈಗೆ ಅಂಟಿದ ರೂಢಿಯೆಂದು ಮನ್ನಿಸಬೇಕು. ತಮ್ಮ ಸಹಾಯ ಪುಟದ ತುದಿಯಲ್ಲಿ 'ಇದರಿಂದ ಉಪಯೋಗವಾಯಿತೇ?' ಎಂದು ಕೇಳಿ, ಹೌದು ಮತ್ತು ಇಲ್ಲ ಎಂಬ ಎರಡೇ ಉತ್ತರಗಳಿಗೆ ಜಾಗ ಬಿಟ್ಟಿದ್ದೀರಿ. ನನ್ನ ಉತ್ತರ ಅವೆರಡಕ್ಕಿಂತ ತುಸು ಉದ್ದವಿರುವುದರಿಂದ ಈ ಪತ್ರವನ್ನು ತಮ್ಮ ಕಾಲಬುಡದಲ್ಲೇ, ಎಲ್ಲರಿಗೂ ಕಾಣುವಂತೆ, ಅಂಟಿಸುತ್ತಿದ್ದೇನೆ.

ಈ ಮೂಲಕ ತಮ್ಮ ಗಮನಕ್ಕೆ ತರುವುದೇನೆಂದರೆ, ನಮ್ಮ ಕಾಲೇಜಿನಲ್ಲಿ ಮೊದಲ ವರ್ಷದವರೆಲ್ಲ ಒಂದು ವಿಷಯ ಆರಿಸಿಕೊಂಡು, ಸ್ಲೈಡ್ ತಯಾರಿಸಿ, ಅದನ್ನು ತಮ್ಮದೇ ವೆಬ್‌ಸೈಟಿನಲ್ಲಿ ಹಾಕಿ, ತರಗತಿಯ ದೊಡ್ಡ ಪರದೆಯ ಮೇಲೆ ಅಲ್ಲಿಂದಲೇ ತೆರೆದು ಮಾತಾಡಬೇಕು. ಪೆನ್‌ಡ್ರೈವಿನಲ್ಲಿ ತಂದವರಿಗೆ ನಮ್ಮ ಮೇಡಂ ಅದನ್ನು ಸತ್ತ ಹಲ್ಲಿಯಂತೆ ಎರಡು ಬೆರಳಲ್ಲಿ ಎತ್ತಿ ವಾಪಸು ಕೊಡುತ್ತಾರೆ. ನಾನು ಆರಿಸಿದ್ದು 'ಸರತಿ ಸಾಲಿನಲ್ಲಿ ನಿಲ್ಲುವವರ ನಡವಳಿಕೆ: ಒಂದು ಪ್ರಾಥಮಿಕ ಅಧ್ಯಯನ'. ಇದರಲ್ಲಿ ನನಗಿರುವ ಅನುಭವವನ್ನು ಯಾರೂ ಪ್ರಶ್ನಿಸಲಾರರು. ಹಾಸ್ಟೆಲಿನಲ್ಲಿ ಸ್ನಾನಕ್ಕೆ ಸಾಲು, ತಟ್ಟೆಗೆ ಸಾಲು, ತೊಳೆದ ತಟ್ಟೆ ಇಡಲು ಸಾಲು, ಜ್ವರ ಬಂದರೆ ಥರ್ಮಾಮೀಟರಿಗೆ ಸಾಲು. ನನ್ನ ಸರದಿ ಬರುವಷ್ಟರಲ್ಲಿ ಜ್ವರ ಇಳಿದ ಉದಾಹರಣೆಗಳೂ ಇವೆ.

ಇಷ್ಟಾಗಿಯೂ ತಮ್ಮ ಮೇಲೆ ನನಗೆ ಇಷ್ಟೊಂದು ಆಸೆ ಇದ್ದದ್ದು ಅಂಕಗಳಿಗಾಗಿ ಅಲ್ಲ, ಅಮ್ಮನಿಗಾಗಿ. ಅಮ್ಮನದು ಬಟ್ಟೆ ಆಲ್ಟರೇಷನ್ ಮಾಡುವ ಸಣ್ಣ ಅಂಗಡಿ. ಹೊಸದು ಹೊಲಿಯುವುದಿಲ್ಲ, ಉದ್ದವಾದದ್ದನ್ನು ಗಿಡ್ಡ ಮಾಡುತ್ತಾಳೆ, ಬಿಗಿಯಾದದ್ದನ್ನು ಸಡಿಲ ಮಾಡುತ್ತಾಳೆ, ಕಿತ್ತುಹೋದ ಜಿಪ್ ಬದಲಿಸುತ್ತಾಳೆ. ಲೋಕದಲ್ಲಿ ಎಲ್ಲಿ ಸಮಾರಂಭವಿದ್ದರೂ ಅದರ ಹಿಂದಿನ ದಿನವೇ ಎಲ್ಲರ ಪ್ಯಾಂಟೂ ಉದ್ದವಾಗಿಬಿಡುವುದು ಪ್ರಕೃತಿ ನಿಯಮವಾದ್ದರಿಂದ, ನನ್ನ ಶಾಲೆಯ ಯಾವ ಸಮಾರಂಭಕ್ಕೂ ಅವಳಿಗೆ ಬರಲಾಗಲಿಲ್ಲ. ನಾನು ಚರ್ಚಾಸ್ಪರ್ಧೆಯಲ್ಲಿ ಮಾತು ಮರೆತು ನಿಂತದ್ದನ್ನೂ ನೋಡಿಲ್ಲ, ನಾಟಕದಲ್ಲಿ ಮರವಾಗಿ ಚೆನ್ನಾಗಿ ನಿಂತದ್ದನ್ನೂ ನೋಡಿಲ್ಲ. ಈ ಸಲ ಸ್ಲೈಡ್‌ಗಳು ವೆಬ್‌ಸೈಟಿನಲ್ಲಿ ಇರುತ್ತವೆ ಎಂದೊಡನೆ ಅವಳು ಫೋನಿನಲ್ಲಿ ಸ್ವರ ತಗ್ಗಿಸಿ, "ಅಂದ್ರೆ ಅಂಗಡೀಲಿ ಕೂತ್ಕೊಂಡೇ ನೋಡ್ಬೋದಾ ಪುಟ್ಟೀ?" ಎಂದು ಕೇಳಿದಳು. ನಾನು, "ಲಿಂಕ್ ಒತ್ತಿದ್ರೆ ಸಾಕಮ್ಮ," ಎಂದು ಮಾತು ಕೊಟ್ಟೆ. ಮಾತು ಕೊಟ್ಟದ್ದು ನಾನೇ ಆದರೂ ಜಾಮೀನು ನಿಂತವರು ತಾವೆಂಬುದನ್ನು ವಿನಯದಿಂದ ನೆನಪಿಸುತ್ತೇನೆ.

ತಾವು ಹೇಳಿಕೊಟ್ಟಂತೆಯೇ, ತಮ್ಮ ಆ ಉದ್ದನೆಯ ಕಂಪ್ಯೂಟರ್ ಕೋಡನ್ನು ಒಂದಕ್ಷರವೂ ಉದುರದಂತೆ ನಕಲು ಮಾಡಿ ನನ್ನ ಪುಟದಲ್ಲಿ ಇಳಿಸಿದೆ. ನನ್ನ ಕಂಪ್ಯೂಟರಿನಲ್ಲಿ ತಾವು ಕಣ್ಣು ಕುಕ್ಕುವಂತೆ ತೆರೆದುಕೊಂಡಿರಿ. ಅಮ್ಮನ ಫೋನಿನಲ್ಲಿ ಮಾತ್ರ ಮೋಡ ಕವಿದ ಹಾಗೆ ಬೂದು ಬಣ್ಣ ತಾಳಿ, 'ತಮಗೆ ಇದನ್ನು ನೋಡುವ ಅನುಮತಿ ಇಲ್ಲ. ಮಾಲೀಕರನ್ನು ವಿಚಾರಿಸಿ' ಎಂದು ಅಪ್ಪಣೆ ಕೊಡಿಸಿದಿರಿ. ಆ ಹೊತ್ತಿನಲ್ಲಿ ಅಂಗಡಿಯೊಳಗೆ ಅಮ್ಮ ಕನ್ನಡಕ ಒರೆಸಿ ಹಾಕಿಕೊಂಡು ಕೂತಿದ್ದಳು, ಪಕ್ಕದಲ್ಲಿ ಇಸ್ತ್ರಿ ಅಣ್ಣ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಕುತ್ತಿಗೆ ಚಾಚಿದ್ದ, ಪರದೆಯ ಹಿಂದೆ ಒಬ್ಬ ಗಿರಾಕಿ ಪ್ಯಾಂಟಿಗಾಗಿ ಕಾಯುತ್ತ ತಲೆ ಮಾತ್ರ ಹೊರಗೆ ಹಾಕಿದ್ದ. ಅಮ್ಮ ಕೂಡಲೇ ನನಗೆ ಫೋನ್ ಮಾಡಿ ಆ ಮಾಲೀಕರು ಯಾರು ಎಂದು ಕೇಳಿದಳು. ನಾನೇ ಎಂದೆ. "ನೀನಾ? ನಿನ್ನನ್ನ ಹೆತ್ತೋಳು ನಾನು, ನೀನು ಯಾವಾಗ್ಲೇ ಮಾಲೀಕಳಾದೆ? ಅದಕ್ಕೆ ಹೇಳು, ನಾನು ಅಮ್ಮ ಅಂತ," ಎಂದಳು. ತಮಗೆ ಅದನ್ನು ತಿಳಿಸಲು ನಾನು ಎಲ್ಲ ಕಡೆ ಗುಂಡಿ ಹುಡುಕಿದೆ. ಹುಟ್ಟಿದ ದಿನಾಂಕ ತಿಳಿಸಲು ತಮ್ಮಲ್ಲಿ ಜಾಗವಿದೆ, ಮೆಚ್ಚಿನ ಬಣ್ಣ ತಿಳಿಸಲು ಜಾಗವಿದೆ, ಅಮ್ಮ ಎಂದು ತಿಳಿಸಲು ಇಲ್ಲ.

ಇದರಿಂದ ನನಗೆ ಬೇಸರವಾಯಿತೆಂದು ತಾವು ತಿಳಿಯಬಾರದು. ತಮ್ಮ ಕಾವಲನ್ನು ಕಂಡು ಎದೆ ತುಂಬಿ ಬಂತು. ನಮ್ಮ ಹಾಸ್ಟೆಲಿನ ವಾಚ್‌ಮನ್ ಮಾಮ ಇಡೀ ಜನ್ಮ ಗೇಟಿನ ಬಳಿ ಕಳೆದರೂ ಈ ಮಟ್ಟದ ನಿಷ್ಠೆ ತೋರಲಿಲ್ಲ. ಯಾರಾದರೂ ಹೆಂಗಸರು ಕೈಯಲ್ಲಿ ಡಬ್ಬಿ ಹಿಡಿದು, ಗೇಟಿನ ಸರಳಿಗೆ ಮುಖ ಒತ್ತಿ ನಿಂತರೆ ಆತ ಯಾವ ಕಾಗದವನ್ನೂ ಕೇಳದೆ, "ಯಾವ ಮಗು ನಿಮ್ದು?" ಎಂದು ಒಳಗೆ ಬಿಟ್ಟುಬಿಡುತ್ತಿದ್ದ. ಇಂಥ ಸಡಿಲ ಆಡಳಿತದಲ್ಲಿ ಬೆಳೆದ ನನಗೆ ತಮ್ಮ ಶಿಸ್ತು ಹೊಸದು.

ಇಲ್ಲಿ ನನ್ನ ಕೋಣೆಯ ಗೆಳತಿಯ ಪಾತ್ರವನ್ನು ತಮಗೆ ತಿಳಿಸಬೇಕು. ಊಟದ ಮನೆಯ ನೀರಿನ ಬಗ್ಗೆಯೂ ವಾದ ಮಾಡುವವಳಾದ್ದರಿಂದ ಅವಳನ್ನು ನಾವೆಲ್ಲ ವಕೀಲೆ ಎನ್ನುತ್ತೇವೆ. ಅವಳೂ ನನ್ನಂತೆ ಹಾಸ್ಟೆಲಿನ ಪೈರೇ. ತಮ್ಮ 'ಹಂಚಿಕೊಳ್ಳಿ' ಗುಂಡಿಯನ್ನು ಒತ್ತಿದಾಗ 'ಲಿಂಕ್ ಇರುವ ಯಾರಾದರೂ' ಎಂಬ ಸಾಲಿನ ಪಕ್ಕ ಒಂದರ ಕೆಳಗೊಂದು ಮೂರು ಪದವಿಗಳು ಇಳಿಬಿದ್ದವು: ವ್ಯೂವರ್, ಕಾಮೆಂಟರ್, ಎಡಿಟರ್. ಯಾವುದನ್ನು ಕೊಡುವುದು ಎಂದು ನಾನು ಬೆವರುತ್ತಿದ್ದರೆ ವಕೀಲೆ ಹಲ್ಲುಜ್ಜುತ್ತಲೇ ತೀರ್ಪು ಕೊಟ್ಟಳು: "ಎಲ್ಲಕ್ಕಿಂತ ಕೆಳಗಿಂದು ಹಾಕೇ. ಕೆಳಗಿದ್ದಷ್ಟೂ ಪವರ್ ಕಮ್ಮಿ." ತಾವು ನಗಬಾರದು. ನಾವು ಓದಿ ಬೆಳೆದ ನೋಟಿಸ್ ಬೋರ್ಡಿನಲ್ಲಿ ಪ್ರಿನ್ಸಿಪಾಲರು ಮೇಲೆ, ಅವರ ಕೆಳಗೆ ವಾರ್ಡನ್, ಅವರ ಕೆಳಗೆ ಮೇಲ್ವಿಚಾರಕಿ, ಅವರ ಕೆಳಗೆ ಅಡುಗೆಯವರು, ಎಲ್ಲಕ್ಕಿಂತ ಕೆಳಗೆ, ಬೋರ್ಡಿನ ಚೌಕಟ್ಟಿಗೆ ಕಾಲು ತಾಗುವ ಹಾಗೆ, ನಾವು. ಅಧಿಕಾರ ನೀರಿನಂತೆ ಮೇಲಿನಿಂದ ಕೆಳಗೆ ಬರುತ್ತ ಬರುತ್ತ ಆರಿಹೋಗುತ್ತದೆ ಎಂಬುದು ನಮ್ಮ ಇಡೀ ಶಿಕ್ಷಣದ ಸಾರ. ಆ ನಂಬಿಕೆಯಿಂದ ನಾನು ಮೂರನೆಯದನ್ನು ಒತ್ತಿದೆ. ಹೀಗೆ ಒಂದು ಬೆರಳ ತುದಿಯಿಂದ, ಲಿಂಕ್ ಕೈಗೆ ಸಿಕ್ಕ ಸಮಸ್ತ ಮಾನವಕುಲಕ್ಕೂ ನನ್ನ ಅಧ್ಯಯನವನ್ನು ತಿದ್ದುವ ಹಕ್ಕು ದೊರೆಯಿತು.

ಅಮ್ಮ, "ತೆಗೀತು ಪುಟ್ಟೀ, ತೆಗೀತು!" ಎಂದು ಕೂಗಿದ್ದು ನನ್ನ ಫೋನಿನಿಂದ ವಕೀಲೆಯ ಮಂಚದವರೆಗೂ ಕೇಳಿಸಿತು. ನಾನು ನೆಮ್ಮದಿಯಿಂದ ಮಲಗಿದೆ. ತಮ್ಮ ಬಗ್ಗೆ ಒಳ್ಳೆಯ ಮಾತನ್ನೂ ಆಡಿದೆನೆಂದು ನೆನಪು.

ಮಾರನೆಯ ಬೆಳಿಗ್ಗೆ ತರಗತಿಯಲ್ಲಿ, ಮೇಡಂ ಮುಂದಿನ ಬೆಂಚಿನಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದ ಮೇಲೆ, ದೊಡ್ಡ ಪರದೆಯ ಮೇಲೆ ನನ್ನ ವೆಬ್‌ಸೈಟು ಬಂತು, ನಡುವೆ ತಾವು ಬಂದಿರಿ, ತಮ್ಮೊಳಗಿನಿಂದ ನನ್ನ ಮೊದಲ ಸ್ಲೈಡು ಬಂತು. ಒಂದೂವರೆ ಸಾಲಿನ ನನ್ನ ಶೀರ್ಷಿಕೆಯ ಜಾಗದಲ್ಲಿ 'ಸಾಲು' ಎಂಬ ಒಂದೇ ಪದ ನಿಂತಿತ್ತು. ಉಳಿದದ್ದೆಲ್ಲ ಕೆಳಗಿನ ಟಿಪ್ಪಣಿಯ ಜಾಗದಲ್ಲಿ ನೀಟಾಗಿ ಮಡಚಿ ಇಟ್ಟಂತೆ ಬಿದ್ದಿತ್ತು. ಅಮ್ಮನನ್ನು ಆಮೇಲೆ ವಿಚಾರಿಸಿದಾಗ ಅವಳು ಕೊಟ್ಟ ವಿವರಣೆಯನ್ನು ಇಲ್ಲೇ ದಾಖಲಿಸುತ್ತೇನೆ: "ಎಷ್ಟುದ್ದ ಬಿಟ್ಟಿದ್ದೆ ಅದನ್ನ, ನೆಲ ಗುಡಿಸ್ತಿತ್ತು. ಕತ್ತರಿಸಿಲ್ಲ ಮತ್ತೆ, ಒಳಗಡೆ ಮಡಚಿದ್ದೀನಿ. ಬೇಕಾದಾಗ ಬಿಚ್ಕೋ." ಎರಡನೆಯ, ಮೂರನೆಯ ಸ್ಲೈಡಿಗೂ ಇದೇ ಚಿಕಿತ್ಸೆ ಆಗಿತ್ತು. ನಾಲ್ಕನೆಯದರಲ್ಲಿ ಯಾವ ಸಾಲಿನಲ್ಲಿ ಜನ ಎಷ್ಟು ತಾಳ್ಮೆ ತೋರುತ್ತಾರೆ ಎಂಬುದಕ್ಕೆ ನಾನು ಹಾಕಿದ್ದ ಕಂಬಗಳ ನಕ್ಷೆ ಇತ್ತು. ಒಂದು ಎತ್ತರ, ಒಂದು ತಗ್ಗು, ಹಾಗೆ ಇರುವುದೇ ಅದರ ಅರ್ಥ. ಅಮ್ಮ ಅವನ್ನೆಲ್ಲ ಎಳೆದು ಒಂದೇ ಎತ್ತರಕ್ಕೆ ತಂದಿದ್ದಳು, ಅಂಚು ಸಮ ಇರಲಿಲ್ಲವೆಂದು. ನನ್ನ ತಿಂಗಳುಗಳ ಶ್ರಮ ಚೆನ್ನಾಗಿ ಹೊಲಿದ ಪರದೆಯ ಅಂಚಿನಂತೆ ನೇರವಾಗಿ ನಿಂತಿತ್ತು. ಹಿಂದಿನಿಂದ ವಕೀಲೆ, "ಇದೇನೇ, ಕ್ರಾಂತಿ ಆಗ್ಬಿಟ್ಟಿದೆ?" ಎಂದು ಪಿಸುಗುಟ್ಟಿದಳು. ನಾನು ಸ್ನಾನದ ಸಾಲಿಗೂ ಊಟದ ಸಾಲಿಗೂ ತಾಳ್ಮೆಯ ವಿಷಯದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲವೆಂದು ಅಧ್ಯಯನ ತೋರಿಸುತ್ತದೆ ಎಂದು ಘೋಷಿಸಿದೆ. ಈ ಸಂದರ್ಭದಲ್ಲಿ ನಿಜವಾಗಿಯೂ ಹೊಟ್ಟೆನೋವು ಬಂದಿತ್ತು.

ಅಷ್ಟರಲ್ಲಿ ತಮ್ಮ ಮೇಲೆ ಪುಟ್ಟ ಬಾವುಟಗಳು ಓಡಾಡತೊಡಗಿದವು. ಹೆಸರು ಹೇಳದೆ ಒಳಗೆ ಬಂದ ಅತಿಥಿಗಳಿಗೆ ತಾವೇ ಒಂದೊಂದು ಪ್ರಾಣಿಯ ಹೆಸರಿಟ್ಟು, ಅವರ ಬೆರಳು ಹೋದಲ್ಲೆಲ್ಲ ಆ ಹೆಸರಿನ ಬಾವುಟ ಹಾರಿಸುವ ಪದ್ಧತಿ ತಮ್ಮದೆಂದು ನನಗೆ ಆಗ ತಿಳಿಯಿತು. ಮೊದಲು 'ಅನಾಮಿಕ ಚಿರತೆ' ಸುಳಿದು ಹೋಯಿತು. ಅದು ಅಮ್ಮನಿಂದ ಲಿಂಕ್ ಪಡೆದಿದ್ದ ಇಸ್ತ್ರಿ ಅಣ್ಣನೆಂದು ಆಮೇಲೆ ಗೊತ್ತಾಯಿತು. ಹಿಂದೆಯೇ, ನಾನು ಯಾವ ಸ್ಲೈಡಿಗೆ ಹೋದರೆ ಆ ಸ್ಲೈಡಿಗೆ, ಒಂದು ಹೆಜ್ಜೆ ಹಿಂದೆ, 'ಅನಾಮಿಕ ಮುಳ್ಳುಹಂದಿ' ಬರುತ್ತಿತ್ತು. ತರಗತಿ ಮೊದಲು ಕಿಸಕ್ಕೆಂದಿತು, ಆಮೇಲೆ ಬೆಂಚು ತಟ್ಟಿ ನಕ್ಕಿತು. ಯಾರೋ, "ಬಂತು ನೋಡ್ರೋ, ಮುಳ್ಳುಹಂದಿ ಬಂತು," ಎಂದು ಪ್ರತಿ ಸ್ಲೈಡಿಗೂ ಸ್ವಾಗತ ಕೋರಿದರು.

ತಮಗೆ ಒಂದು ಮೆಚ್ಚುಗೆಯ ಮಾತು ಇಲ್ಲೇ ಸಲ್ಲಬೇಕು. ನನ್ನ ಅಮ್ಮ ಕೆಲಸಕ್ಕೆ ಕೂತಾಗ ಎಡತೋಳಿನ ಉದ್ದಕ್ಕೂ ಗುಂಡುಪಿನ್ನು ಚುಚ್ಚಿಕೊಂಡಿರುತ್ತಾಳೆ, ತುಟಿಯ ನಡುವೆ ಎರಡೋ ಮೂರೋ, ಎದೆಯ ಮೇಲೆ ದಾರ ಪೋಣಿಸಿದ ಸೂಜಿ. ರಜೆಯಲ್ಲಿ ಊರಿಗೆ ಹೋಗಿ ಓಡಿ ಅಪ್ಪಿಕೊಂಡಾಗಲೆಲ್ಲ ನನಗೆ ಚುಚ್ಚಿದೆ. ಅವಳ ಹೆಸರು ಗೊತ್ತಿಲ್ಲದ, ಮುಖ ಕಾಣದ, ಅವಳು ಅಮ್ಮನೆಂದೂ ಒಪ್ಪದ ತಾವು ಇದನ್ನು ಮಾತ್ರ ಹೇಗೆ ಕಂಡುಹಿಡಿದಿರಿ ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ. ಅಮ್ಮನಿಗೆ ಇಸ್ತ್ರಿ ಅಣ್ಣ ಅವನ ಫೋನಿನಲ್ಲಿ ಈ ಬಿರುದನ್ನು ತೋರಿಸಿದ ಮೇಲೆ ಅವಳು ತೋಳಿನ ಪಿನ್ನುಗಳನ್ನು ನೋಡಿಕೊಂಡು, "ಮುಳ್ಳು ಸರಿ. ಹಂದಿ ಯಾಕೆ?" ಎಂದಳಂತೆ. ಚಿರತೆಯಾದ ಇಸ್ತ್ರಿ ಅಣ್ಣನಾದರೋ ಅಂದಿನಿಂದ ಗಿರಾಕಿಗಳ ಜೊತೆ ಸ್ವಲ್ಪ ಗತ್ತಿನಲ್ಲೇ ಮಾತಾಡುತ್ತಾನೆ.

ಮುಂದಿನದು ದೂರವಾಣಿ ಸಾಲಿನ ಸ್ಲೈಡು. ನಮ್ಮ ಶಾಲೆಯ ಹಾಸ್ಟೆಲಿನ ಮೆಟ್ಟಿಲ ಕೆಳಗೆ ಒಂದು ಫೋನಿತ್ತು. ಭಾನುವಾರ ಅದರ ಮುಂದೆ ಸಾಲು, ಒಬ್ಬೊಬ್ಬರಿಗೆ ಕೆಲವೇ ನಿಮಿಷ, ಹಿಂದಿನವರು ಕೆಮ್ಮಿದರೆ ಇಟ್ಟುಬಿಡಬೇಕು. ನಾನೂ ಅಮ್ಮನೂ ಅದರಲ್ಲಿ ಮಾತಾಡಿದ್ದನ್ನೆಲ್ಲ ಸೇರಿಸಿದರೂ, "ಊಟ ಆಯ್ತಾ?" "ಆಯ್ತು." "ಇಡ್ಲಾ?" "ಇಡು," ಇಷ್ಟೇ ಆಗುತ್ತದೆ. ಸ್ಲೈಡಿನಲ್ಲಿ ನಾನು ಬರೆದದ್ದು ಹೀಗಿತ್ತು: 'ಸಾಲು ಎಂದರೆ ಒಂದೇ ದಿಕ್ಕಿಗೆ ಮುಖ ಮಾಡಿದ ಜನ. ಇಲ್ಲಿ ಕಾಯುವವರಿಗೆ ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ.' ಇದನ್ನು ಗಟ್ಟಿಯಾಗಿ ಓದಿ ಮುಗಿಸುವಷ್ಟರಲ್ಲಿ ಬಾವುಟ ಬಂದು ಆ ವಾಕ್ಯದ ಕೆಳಗೆ ನಿಂತಿತು. ತರಗತಿ ನಗಲು ಸಿದ್ಧವಾಯಿತು. ಒಂದೊಂದೇ ಅಕ್ಷರ, ತಪ್ಪು ಒತ್ತಿ, ಅಳಿಸಿ, ಮತ್ತೆ ಒತ್ತಿ, ದೊಡ್ಡ ಪರದೆಯ ಮೇಲೆ ಎಲ್ಲರೂ ನೋಡುತ್ತಿರುವಂತೆಯೇ ಮೂಡತೊಡಗಿತು:

'ಈ ಸಾಲಲ್ಲಿ ನಾನೂ ಇದ್ದೆ. ಈ ಕಡೆ. ಭಾನುವಾರ ಮಿಷನ್ ನಿಲ್ಸಿ ಕೂತಿರ್ತಿದ್ದೆ. ಸದ್ದಿಗೆ ಫೋನ್ ಕೇಳ್ಸಲ್ಲ ಅಂತ.'

ಮಾನ್ಯರೇ, ನನ್ನ ಸಮಾರಂಭ ಎಂದರೂ ಹೊಲಿಗೆ ಮಿಷನ್ ನಿಲ್ಲಿಸದವಳು ಅವಳು. ಇದನ್ನು ನನಗೆ ಯಾವತ್ತೂ ಹೇಳಿರಲಿಲ್ಲ. ಹೇಳುವಷ್ಟು ಹೊತ್ತು ಆ ಫೋನು ನಮಗೆ ಸಿಕ್ಕಿರಲಿಲ್ಲ. ಮೇಡಂ ಪೆನ್ನಿನ ಮುಚ್ಚಳ ಹಾಕಿ, ತೆಗೆದು, "ಯಾರಮ್ಮಾ ಈ ಮುಳ್ಳುಹಂದಿ?" ಎಂದು ಕೇಳಿದರು. "ನಮ್ಮಮ್ಮ ಮೇಡಂ," ಎಂದೆ. ನಾನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದ ಉಪಸಂಹಾರ ಅಲ್ಲಿಗೇ ಮರೆತುಹೋಯಿತು. ಕೊನೆಯ ಸ್ಲೈಡಿನಲ್ಲಿ 'ಪ್ರಶ್ನೆಗಳಿದ್ದರೆ ಕೇಳಿ' ಎಂಬುದರ ಕೆಳಗೆ ಚಿರತೆಯು 'ಭಾನುವಾರವೂ ಅಂಗಡಿ ತೆರೆದಿರುತ್ತದೆ, ಜಿಪ್ ಕೂಡಲೇ ಹಾಕಿಕೊಡಲಾಗುವುದು' ಎಂದು ಸೇರಿಸಿದ್ದರಿಂದ, ನನ್ನ ಅಧ್ಯಯನದ ಬಗ್ಗೆ ಬಂದ ಏಕೈಕ ಪ್ರಶ್ನೆ ಬ್ಯಾಗಿನ ಜಿಪ್ಪಿಗೆ ಸಂಬಂಧಿಸಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಮೇಡಂ ನನಗೆ ಬೈಯಲಿಲ್ಲ. ನಕ್ಷೆಯನ್ನು ಮೊದಲಿನಂತೆ ಮಾಡಬೇಕು, ಆ ಮಾತನ್ನು ಯಾರು ಹೇಳಿದರೋ ಅವರ ಹೆಸರು ಹಾಕಬೇಕು, ಮತ್ತು ದಾರಿಹೋಕರೆಲ್ಲ ಬಂದು ತಿದ್ದುವ ಈ ಬಾಗಿಲನ್ನು ಈ ಶನಿವಾರದೊಳಗೆ ಮುಚ್ಚಬೇಕು, ಇಲ್ಲದಿದ್ದರೆ ಸ್ಲೈಡುಗಳನ್ನು ಒಪ್ಪಿಕೊಳ್ಳುವುದಿಲ್ಲ ಎಂದರು. ನ್ಯಾಯವಾದ ಮಾತು. ನಕ್ಷೆ ಸರಿಮಾಡಿದ್ದೇನೆ, ಸ್ನಾನದ ಸಾಲು ಮತ್ತೆ ತನ್ನ ಅಸಹನೆಗೆ ಮರಳಿದೆ. ಹೆಸರನ್ನೂ ಹಾಕಿದ್ದೇನೆ. ಬಾಗಿಲು ಮುಚ್ಚಲು ಹೋದಾಗ ಮಾತ್ರ ತಾವು ಅಡ್ಡ ನಿಂತಿದ್ದೀರಿ. ನೋಡಲಷ್ಟೇ ಬಿಟ್ಟರೆ ಅವಳು ಪರದೆಯ ಹಿಂದಿನ ಗಿರಾಕಿಯಂತೆ ತಲೆ ಹೊರಗೆ ಹಾಕಿ ನಿಲ್ಲಬೇಕು. ಬರೆಯಲು ಬಿಟ್ಟರೆ ಅವಳ ಜೊತೆ ಇಡೀ ಜಗತ್ತು ಬರುತ್ತದೆ. ಅವಳೊಬ್ಬಳಿಗೇ ಬಿಡುತ್ತೇನೆಂದರೆ ಅವಳು ತಮ್ಮಲ್ಲಿ ಖಾತೆ ತೆರೆಯಬೇಕು, ಇಮೇಲ್ ಕೊಡಬೇಕು, ತಾನು ಯಂತ್ರವಲ್ಲವೆಂದು ರುಜುವಾತುಪಡಿಸಲು ಟ್ರಾಫಿಕ್ ದೀಪಗಳಿರುವ ಚಿತ್ರಗಳನ್ನು ಆರಿಸಬೇಕು. ಇಮೇಲ್ ಮಾಡಿಕೊಡುತ್ತೇನೆಂದೆ, "ಮಗಳ ಪಾಠ ನೋಡೋದಕ್ಕೆ ನಾನ್ಯಾಕೆ ದೀಪ ಆರಿಸ್ಲಿ?" ಎಂದು ಕೇಳುತ್ತಾಳೆ. ಈ ವಾದದಲ್ಲಿ ವಕೀಲೆಯೇ ಸೋತಳು, ಇದು ಚರಿತ್ರೆಯಲ್ಲಿ ಮೊದಲು.

ಆದಕಾರಣ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಆ ಮೂರು ಪದವಿಗಳ ಕೆಳಗೆ, ಚೌಕಟ್ಟಿಗೆ ಕಾಲು ತಾಗಿದರೂ ಪರವಾಗಿಲ್ಲ, 'ಅಮ್ಮ' ಎಂಬ ನಾಲ್ಕನೆಯ ಪದವಿಯೊಂದನ್ನು ಸೃಷ್ಟಿಸಬೇಕು. ಆ ಪದವಿಯವರು ಹೆಸರು, ಇಮೇಲ್, ದೀಪ ಯಾವುದನ್ನೂ ತೋರಿಸಬೇಕಾಗಿಲ್ಲ. ಲಿಂಕ್ ಒತ್ತುವ ಬೆರಳಿನಲ್ಲಿ ಸೂಜಿ ಚುಚ್ಚಿದ ಗುರುತುಗಳಿವೆಯೇ ಎಂದು ತಾವೇ ನೋಡಿಕೊಳ್ಳಬಹುದು, ಅಂಥ ಸೂಕ್ಷ್ಮದೃಷ್ಟಿ ತಮಗಿರುವುದು ಈಗಾಗಲೇ ಸಾಬೀತಾಗಿದೆ. ಅವರಿಗೆ ಶೀರ್ಷಿಕೆ ಮಡಚುವ ಹಕ್ಕು ಇರಲಿ, ನಕ್ಷೆಯ ತಂಟೆಗೆ ಹೋಗುವ ಹಕ್ಕು ಬೇಡ. ನಾನು ಮುಂದಿನ ಸ್ಲೈಡಿಗೆ ಹೋದಾಗ ಅವರೂ ಒಂದು ಹೆಜ್ಜೆ ಹಿಂದೆ ಬರುವಂತೆ ಆ ಬಾವುಟವನ್ನು ಉಳಿಸಿಕೊಡಿ. ಇಷ್ಟು ವರ್ಷ ನಾನು ವೇದಿಕೆಯಿಂದ ಕೆಳಗೆ ನೋಡಿದಾಗ ಅಮ್ಮ ಕೂರಬೇಕಿದ್ದ ಖಾಲಿ ಕುರ್ಚಿ ಹುಡುಕುತ್ತಿದ್ದೆ, ಮೊನ್ನೆ ಮೊದಲ ಸಲ ಹುಡುಕಲಿಲ್ಲ. ಬಾವುಟದ ಮೇಲೆ ಏನು ಬರೆಯುತ್ತೀರೋ ಅದು ತಮ್ಮ ವಿವೇಚನೆಗೆ ಬಿಟ್ಟದ್ದು. ಮುಳ್ಳುಹಂದಿಗೆ ನಾವು ಹೊಂದಿಕೊಂಡಿದ್ದೇವೆ.

ಚಕ್ರ ಸುತ್ತುತ್ತ ಕೂರುವ ತಮ್ಮ ಅಮೂಲ್ಯ ಸಮಯವನ್ನು ಇಷ್ಟು ಹೊತ್ತು ತೆಗೆದುಕೊಂಡದ್ದಕ್ಕೆ ಮತ್ತೊಮ್ಮೆ ಕ್ಷಮೆ ಕೋರುತ್ತ,

ತಮ್ಮ ವಿಶ್ವಾಸಿ,
ಮಾಲೀಕಳೆಂದು ತಾವು ಕರೆದ,
ಮುಳ್ಳುಹಂದಿಯ ಮಗಳು

ಮರೆತ ಮಾತು: ಫೋನಿನಲ್ಲಿ ತೆರೆದಾಗ ತಮ್ಮ ಬಲ ಅಂಚು ನನ್ನ ಪುಟದಿಂದಾಚೆಗೆ ನೇತಾಡುತ್ತದೆ, ಓದಬೇಕಾದರೆ ಬೆರಳಿನಿಂದ ಎಳೆಯುತ್ತಲೇ ಇರಬೇಕು. ಇದನ್ನು ಅಮ್ಮ ಮೊದಲ ದಿನವೇ ಗಮನಿಸಿ, "ಮೈಯಳತೆ ತಗೊಳ್ದೇ ಹೊಲಿದಿದ್ದಾರೆ ಪಾಪ, ಅಂಗಡಿಗೆ ಕಳಿಸ್ಲಿ, ಸರಿ ಮಾಡ್ಕೊಡ್ತೀನಿ," ಎಂದಿದ್ದಾಳೆ. ಬರುವುದಾದರೆ ಅನುಮತಿ ಕೇಳಬೇಕಾಗಿಲ್ಲ, ಬಾಗಿಲು ತೆರೆದೇ ಇರುತ್ತದೆ. ಸಾಲಿದ್ದರೆ ಮಾತ್ರ ನಿಲ್ಲಬೇಕು. ಶನಿವಾರ ಹತ್ತಿರ ಬಂತು. ದಯವಿಟ್ಟು ಬೇಗ ಉತ್ತರ ಕೊಡಿ.